ರಾಶಿಯೊಳಗೆ ಕೈ ಹಾಕಬೇಕು

2019ರ ಜೂನ್‌ನಲ್ಲಿ ಬೆಂಗಳೂರಿನ ಶಿವಾಜಿನಗರದ ಐ.ಎಂ.ಎ. ಕಚೇರಿ ಮುಚ್ಚಿದಾಗ ಬೀದಿಯಲ್ಲಿ ನಿಂತವರಲ್ಲಿ ಬುರ್ಖಾ ತೊಟ್ಟ ಹೆಂಗಸರೂ ಬಹಳ ಮಂದಿ. ಮಗಳ ಮದುವೆಗೆ, ಹಜ್ಜಿಗೆ ಕೂಡಿಟ್ಟ ಹಣ. ಪೊಲೀಸರಿಗೆ ಬಂದ ದೂರುಗಳು 40 ಸಾವಿರ ದಾಟಿದವು.

ಅದು ಬಡ್ಡಿಯಲ್ಲ, ಲಾಭದ ಪಾಲು ಎಂದು ನಂಬಿಸಲಾಗಿತ್ತು. ವ್ಯಾಪಾರವೆಂದರೆ ಒಂದು ತಿಂಗಳು ಲಾಭ, ಒಂದು ತಿಂಗಳು ನಷ್ಟ. ತಪ್ಪದೆ ಲಾಭವನ್ನೇ ಹಂಚುವ ಅಂಗಡಿ ಯಾವ ಪೇಟೆಯಲ್ಲಿದೆ? ಇಷ್ಟು ಸಣ್ಣ ಪ್ರಶ್ನೆಯನ್ನು ಆ ಸಂಸ್ಥೆಯನ್ನು ಹೊಗಳಿದ ನಮ್ಮ ಮುಖಂಡರು ಕೇಳಲಿಲ್ಲವೇಕೆ? ಅವರ ಕಣ್ಣಿಗೆ ಬಿದ್ದದ್ದು ಒಡೆಯನ ಗಡ್ಡ, ನಮಾಜು, ದಾನ. ಸರಕಾರಿ ಶಾಲೆಯೊಂದನ್ನು ಆ ಸಂಸ್ಥೆ ಹೊಸದಾಗಿಸಿತ್ತು. ಒಳ್ಳೆಯ ಕೆಲಸವೇ. ಯಾರ ಹಣದಿಂದ?

ಈ ರೋಗ ನಮ್ಮವರದಷ್ಟೇ ಅಲ್ಲ. 2009ರ ಜನವರಿಯಲ್ಲಿ ಸುಳ್ಳು ಲೆಕ್ಕ ಬಯಲಾದ ಸತ್ಯಂ ಕಂಪೆನಿಗೆ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತದ ಪ್ರಶಸ್ತಿ ಸಿಕ್ಕಿತ್ತು! ಆದರೆ ನಮ್ಮಲ್ಲಿ ಧರ್ಮದ ಹೆಸರೂ ಸೇರಿಕೊಂಡಿದೆ, ಅದಕ್ಕೇ ಹೆಚ್ಚು ನಾಚಿಕೆ.

ಪ್ರವಾದಿವರ್ಯರು (ಸ) ಪೇಟೆಯಲ್ಲಿ ಧಾನ್ಯದ ರಾಶಿಯನ್ನು ಮೇಲಿಂದ ನೋಡಿ ಮೆಚ್ಚಿ ಹೋಗಲಿಲ್ಲ. ಒಳಗೆ ಕೈ ಹಾಕಿದರು, ಬೆರಳಿಗೆ ತೇವ ತಗಲಿತು, ವ್ಯಾಪಾರಿಯನ್ನು ಅಲ್ಲೇ ಪ್ರಶ್ನಿಸಿದರು. ಈ ಹದೀಸನ್ನು ಜುಮಾದಂದು ಹೇಳುವವರಿಗೆ ನಮ್ಮದೊಂದು ಮಾತು: ನಾಳೆ ಹಲಾಲ್ ಹೂಡಿಕೆಯ ಕರಪತ್ರ ಹಿಡಿದು ಯಾರಾದರೂ ಮಸೀದಿಗೆ ಬಂದರೆ ಮೊದಲು ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ ಕೇಳಿ. ಕೊಡದಿದ್ದರೆ ಅವನನ್ನು ಗೇಟಿನಿಂದಲೇ ಕಳಿಸಿ, ಎಷ್ಟೇ ಚಂದಾ ಕೊಟ್ಟವನಾಗಿರಲಿ.