ಕೊನೆಗೌಡನ ಕೂಲಿಯಲ್ಲಿ ಸೇರದ ಲೆಕ್ಕ

ಅಡಿಕೆ ಮರ ಏರುವವರ ಕೂಲಿ ವಿಪರೀತವಾಯಿತೆಂಬ ದೂರು ಮಲೆನಾಡು ಹಾಗೂ ಕರಾವಳಿಯ ಬೆಳೆಗಾರರಿಂದ ಆಗಾಗ ಕೇಳಿಬರುತ್ತದೆ. ದಿನಗೂಲಿಯ ಅಂಕಿಯನ್ನಷ್ಟೇ ನೋಡಿದರೆ ದೂರಿನಲ್ಲಿ ಹುರುಳಿದೆ ಎನಿಸಬಹುದು. ಆದರೆ ಆ ಕೂಲಿ ಯಾವುದರ ಬೆಲೆ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ಬಲಿತ ಅಡಿಕೆ ಮರ 50 ಅಡಿಗೂ ಮೀರಿ ಬೆಳೆಯಬಲ್ಲದು. ಕೊನೆ ಕೊಯ್ಯುವ ಕೊನೆಗೌಡ ಪಾದಗಳಿಗೆ ತಳೆ ತೊಟ್ಟು, ತೋಳು–ತೊಡೆಗಳ ಬಲದಿಂದಲೇ ತನ್ನ ದೇಹಭಾರವನ್ನು ಮೇಲಕ್ಕೆಳೆಯುತ್ತಾನೆ. ಕೆಳಗಿಳಿಯದೆ ಮರದಿಂದ ಮರಕ್ಕೆ ದಾಟುವುದೂ ಉಂಟು. ಏರುವುದರಷ್ಟೇ ಕಷ್ಟ ಮೇಲೆ ನಿಲ್ಲುವುದು. ಅಲುಗದೆ ಬಿಗಿಹಿಡಿದ ಸ್ನಾಯುವಿನಲ್ಲಿ ರಕ್ತಸಂಚಾರ ಕುಗ್ಗಿ ದಣಿವು ಬೇಗನೆ ಆವರಿಸುತ್ತದೆ. ದಣಿದಾಗ ಹಿಡಿತ ಸಡಿಲವಾಗುತ್ತದೆ.

ಕೊಳೆರೋಗವಂತೂ ಅವನನ್ನು ಅತ್ಯಂತ ಅಪಾಯದ ಕಾಲದಲ್ಲಿಯೇ ಮೇಲೇರಿಸುತ್ತದೆ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಈ ರೋಗದ ಕುರಿತ ಅಧ್ಯಯನವನ್ನು ಪ್ರಕಟಿಸಿದ್ದು 1910ರಲ್ಲಿ. ಇಂದಿಗೂ ಮುಖ್ಯ ಮದ್ದು ಬೋರ್ಡೋ ದ್ರಾವಣವೇ: 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ. ಮೊದಲ ಸಿಂಪಡಣೆ ಮಳೆಗೆ ಮುನ್ನ. ಎರಡನೆಯದು 40–45 ದಿನಗಳ ಬಳಿಕ, ಅಂದರೆ ಕಾಂಡವೆಲ್ಲ ಪಾಚಿಗಟ್ಟಿ ಜಾರುವ ನಡುಮಳೆಗಾಲದಲ್ಲಿ.

ಕಷ್ಟದ ಕೆಲಸಕ್ಕೆ ಹೆಚ್ಚಿನ ಕೂಲಿ ಸಹಜವೆಂದು ಆಡಂ ಸ್ಮಿತ್ 1776ರಲ್ಲಿಯೇ ವಿವರಿಸಿದ್ದಾನೆ. ಆದರೆ ಈ ದುಡಿಮೆ ವರ್ಷದ ಕೆಲವೇ ತಿಂಗಳುಗಳದು. ಮಂಡಿ, ಸೊಂಟ, ಭುಜಗಳು ಸೋತೊಡನೆ ಮುಗಿಯುವಂಥದು. ಪಂಪ್‌ಸೆಟ್ಟಿನ ಸವಕಳಿಯನ್ನು ಲೆಕ್ಕಕ್ಕೆ ಹಿಡಿಯುವ ನಾವು ದೇಹದ ಸವಕಳಿಯನ್ನು ಹಿಡಿಯುವುದಿಲ್ಲ. ತೆಂಗು ಅಭಿವೃದ್ಧಿ ಮಂಡಳಿಯು ತೆಂಗಿನ ಮರ ಏರುವವರಿಗಾಗಿ ‘ಕೇರ ಸುರಕ್ಷಾ’ ಅಪಘಾತ ವಿಮೆಯನ್ನು ರೂಪಿಸಿದ್ದು ಸ್ವಾಗತಾರ್ಹ. ಆದರೆ ಅಪಘಾತ ವಿಮೆ ಬೀಳುವವನಿಗೆ ನೆರವಾಗುತ್ತದೆಯೇ ಹೊರತು ಸವೆಯುವವನಿಗಲ್ಲ.

ನೆಲದಿಂದಲೇ ಕೊಯ್ಯುವ, ಸಿಂಪಡಿಸುವ ಕಾರ್ಬನ್ ಫೈಬರ್ ದೋಟಿ ಬಂದಿರುವುದು ನಿಜಕ್ಕೂ ದೊಡ್ಡ ಉಪಕಾರ. ಬೀಳುವ ಭಯವನ್ನು ಅದು ನೀಗುತ್ತದೆ. ಆದರೂ ದಿನವಿಡೀ ತಲೆಯೆತ್ತಿ ದೋಟಿ ಆಡಿಸುವವನ ಕುತ್ತಿಗೆ, ಭುಜಗಳಿಗೆ ಬಿಡುವಿಲ್ಲ.

ಪರಿಹಾರಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ. 1973ರಲ್ಲಿ ಸ್ಥಾಪನೆಯಾದ ಕ್ಯಾಂಪ್ಕೊದಂತಹ ಸಹಕಾರಿ ಸಂಸ್ಥೆಗಳು ಅಡಿಕೆ ಖರೀದಿಸುತ್ತಿವೆ. ಕ್ವಿಂಟಲಿಗೆ ಅಲ್ಪ ಮೊತ್ತವನ್ನು ಅಲ್ಲಿಯೇ ಕಡಿತಗೊಳಿಸಿ, ನೋಂದಾಯಿತ ಕೊನೆಗೌಡರ ವಿಮೆ ಮತ್ತು ಪಿಂಚಣಿಗೆ ಜಮೆ ಮಾಡಬಹುದು. ಮಾರಿದಷ್ಟಕ್ಕೇ ಕಡಿತವಾದ್ದರಿಂದ ಸಣ್ಣ ಹಿಡುವಳಿದಾರನಿಗೂ ಅದು ಹೊರೆಯಾಗದು. ಮರ ಏರುವವರು ಸಿಗುತ್ತಿಲ್ಲವೆಂದು ಕೊರಗುವ ಬೆಳೆಗಾರರು ಇದನ್ನು ದಾನವೆಂದು ಎಣಿಸಬಾರದು; ಬೇಸಾಯದ ಖರ್ಚಿನಲ್ಲಿ ಇದುವರೆಗೆ ಬಿಟ್ಟುಹೋಗಿದ್ದ ಒಂದು ಬಾಬ್ತು ಇದು.