ಬಾಟಲಿಯ ಮೇಲೆ ನಿಂಬೆಹಣ್ಣಿದೆ, ಕನ್ನಡವಿಲ್ಲ

ಅಂಗಡಿಯ ಬೋರ್ಡಿನಲ್ಲಿ ಕನ್ನಡ ಶೇಕಡಾ 60 ಇದೆಯೋ ಇಲ್ಲವೋ ಎಂದು ಅಳೆಯಲು ಹೊರಡುವ ನಾವು, ಅದೇ ಅಂಗಡಿಯೊಳಗಿನ ಟಾಯ್ಲೆಟ್ ಕ್ಲೀನರ್ ಬಾಟಲಿಯ ಬೆನ್ನನ್ನು ತಿರುಗಿಸಿ ನೋಡುವುದಿಲ್ಲ. ಬೋರ್ಡು ಓದಲು ಬರದಿದ್ದರೆ ಪಕ್ಕದವರನ್ನು ಕೇಳಿ ಒಳಗೆ ಹೋಗಬಹುದು. ಬಾಟಲಿ ಓದಲು ಬರದಿದ್ದರೆ ಉಸಿರು ಕಟ್ಟಬಹುದು. ಹಾಗಿದ್ದೂ ಕನ್ನಡದ ಜಗಳವೆಲ್ಲ ಬೋರ್ಡಿನ ಮೇಲೆಯೇ ನಡೆಯುತ್ತಿದೆ. ನನ್ನ ತಕರಾರು ಇರುವುದು ಅಲ್ಲಿ.

ಈ ಡಬ್ಬಿ, ಬಾಟಲಿಗಳಲ್ಲಿ ಇರುವುದಾದರೂ ಏನು? ಮಹಾ ರಹಸ್ಯವೇನಲ್ಲ. ಬಟ್ಟೆಯ ಪುಡಿಯಲ್ಲೂ ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲೂ ದುಡಿಯುವುದು ಸರ್ಫ್ಯಾಕ್ಟಂಟ್ ಎಂಬ ಜಾತಿಯ ವಸ್ತು. ಅದರ ಅಣುವಿನ ಒಂದು ತುದಿಗೆ ನೀರಿನ ಸಂಗ ಇಷ್ಟ, ಇನ್ನೊಂದು ತುದಿಗೆ ಎಣ್ಣೆಯ ಸಂಗ. ಎಣ್ಣೆ ಬಯಸುವ ತುದಿ ಜಿಡ್ಡಿಗೆ ಅಂಟಿಕೊಳ್ಳುತ್ತದೆ, ನೀರು ಬಯಸುವ ತುದಿ ಅದನ್ನು ಎಳೆದುಕೊಂಡು ನೀರಿಗಿಳಿಯುತ್ತದೆ. ಸೀಗೆಕಾಯಿ, ಅಂಟುವಾಳದಲ್ಲಿರುವ ಸಪೋನಿನ್ ಮಾಡುವುದೂ ಇದನ್ನೇ. ಪುಡಿಯಲ್ಲಿರುವ ವಾಷಿಂಗ್ ಸೋಡಾ ಬೋರ್‌ವೆಲ್ ನೀರಿನ ಗಡಸುತನ ಮುರಿಯುತ್ತದೆ. ಟಾಯ್ಲೆಟ್ ಕ್ಲೀನರಿನ ಹೈಡ್ರೋಕ್ಲೋರಿಕ್ ಆಸಿಡ್ ಅದೇ ಗಡಸು ನೀರು ಕಟ್ಟಿಸಿದ ಕರೆಯನ್ನು ಕರಗಿಸುತ್ತದೆ. ಅಮೃತಶಿಲೆಯನ್ನೂ ಕರಗಿಸುತ್ತದೆ, ಏಕೆಂದರೆ ಆಸಿಡ್ಡಿನ ಪಾಲಿಗೆ ಎರಡೂ ಒಂದೇ ಸುಣ್ಣದ ವಸ್ತು.

ಇಷ್ಟು ಸರಳವಾದ ಸಂಗತಿಯನ್ನು ನಮಗೆ ಯಾರೂ ಹೇಳುವುದಿಲ್ಲ. ಹೇಳುವುದು ನೊರೆ, ಬಿಳುಪು, ಪರಿಮಳದ ಕಥೆಗಳನ್ನು. ನೊರೆ ಹೆಚ್ಚಾದಷ್ಟೂ ಕೊಳೆ ಹೋಗುತ್ತದೆ ಎಂದು ಒಂದಿಡೀ ತಲೆಮಾರು ನಂಬಿತು. ಈಗ ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ನಿಗೆಂದು ಅದೇ ಕಂಪನಿಗಳು ನೊರೆ ಕಡಿಮೆ ಬರುವ ಪುಡಿಯನ್ನು ಬೇರೆಯಾಗಿ ಮಾರುತ್ತವೆ. ಬಟ್ಟೆ ಅದರಲ್ಲೂ ಸ್ವಚ್ಛವಾಗುತ್ತದೆ! ಕಣ್ಣು ಕುಕ್ಕುವ ಬಿಳುಪಂತೂ ಇನ್ನೂ ಜಾಣ ಆಟ. ಪುಡಿಯಲ್ಲಿ ಬೆರೆಸಿದ ಬಣ್ಣರಹಿತ ವಸ್ತುವೊಂದು ಬಟ್ಟೆಯಲ್ಲೇ ಉಳಿದು, ಬಿಸಿಲಿನ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಗೆ ಬಿಡುತ್ತದೆ. ಹಳದಿ ಛಾಯೆ ಕಣ್ಣಿಗೆ ಕಾಣದಾಗುತ್ತದೆ, ಅಷ್ಟೆ. ನಮ್ಮ ಅಜ್ಜಿಯರು ಬಿಳಿ ಪಂಚೆಗೆ ನೀಲಿ ಹಾಕುತ್ತಿದ್ದುದೂ ಕಣ್ಣಿಗೆ ಮಾಡುವ ಮೋಸವೇ. ಅವರು ಅದನ್ನು ನೀಲಿ ಎಂದೇ ಕರೆದರು, ಸ್ವಚ್ಛತೆ ಎನ್ನಲಿಲ್ಲ.

ನೆಲ ಒರೆಸುವ ದ್ರಾವಣದ ವಿಷಯಕ್ಕೆ ಬನ್ನಿ. ಅದರಲ್ಲಿ ಸಾಮಾನ್ಯವಾಗಿ ಇರುವ ಕ್ರಿಮಿನಾಶಕ ಬೆಂಜಾಲ್ಕೋನಿಯಂ ಕ್ಲೋರೈಡ್. ಇದರ ಅಣುವಿಗೆ ಧನ ವಿದ್ಯುದಂಶವಿದೆ, ಸೋಪಿನ ಅಣುವಿಗೆ ಋಣ. ಎರಡನ್ನೂ ಒಂದೇ ಬಕೆಟ್ಟಿಗೆ ಹಾಕಿದರೆ ಅವು ಪರಸ್ಪರ ಹಿಡಿದುಕೊಂಡು ಇಬ್ಬರೂ ಕೆಲಸ ಬಿಡುತ್ತವೆ. 'ಇನ್ನೂ ಚೆನ್ನಾಗಿ ಹೋಗಲಿ' ಎಂದು ಒಂದು ಹಿಡಿ ಸೋಪಿನ ಪುಡಿ ಸೇರಿಸುವ ಮನೆಗಳು ಎಷ್ಟಿಲ್ಲ? ಶೇಕಡಾ 99.9 ಎನ್ನುವುದು ಪ್ರಯೋಗಾಲಯದಲ್ಲಿ, ನಿಗದಿತ ಹೊತ್ತು ದ್ರಾವಣ ತಾಗಿಸಿಟ್ಟು ಪಡೆದ ಅಂಕಿ. ಫ್ಯಾನ್ ಹಾಕಿ ಎರಡು ನಿಮಿಷದಲ್ಲಿ ಒಣಗಿಸಿದ ನೆಲಕ್ಕೆ ಆ ಅಂಕಿ ಅನ್ವಯಿಸುವುದಿಲ್ಲ. ಇನ್ನು ಮೇಲಿನ ನಿಂಬೆಹಣ್ಣಿನ ಚಿತ್ರ. ನಿಂಬೆಯ ವಾಸನೆಗೂ ನೆಲದ ಶುಚಿಗೂ ಸಂಬಂಧವಿಲ್ಲ.

ಇಲ್ಲಿಯವರೆಗಿನದು ದುಡ್ಡಿನ ನಷ್ಟ, ಹೋಗಲಿ ಬಿಡಿ. ಮುಂದಿನದನ್ನು ಬಿಡಲಾಗದು.

ಟಾಯ್ಲೆಟ್ಟಿನ ಆಸಿಡ್ಡಿನ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಎದುರಾಳಿಗಳ ಕಂದಕಗಳತ್ತ ಹರಿಯಬಿಟ್ಟಿದ್ದು ಇದೇ ಅನಿಲವನ್ನು. ಅದು ಗಾಳಿಗಿಂತ ಭಾರ. ಕಂದಕಕ್ಕೆ ಇಳಿದಂತೆ ಬಚ್ಚಲಿನ ನೆಲದ ಮೇಲೂ ಮಂದವಾಗಿ ನಿಲ್ಲುತ್ತದೆ. ಬಾಗಿಲಲ್ಲಿ ನಿಂತು 'ಮೂಲೆಯನ್ನೂ ತಿಕ್ಕಮ್ಮಾ' ಎನ್ನುವ ಯಜಮಾನಿಯ ಮೂಗಿಗಿಂತ ಮೊದಲು, ಕುಕ್ಕರಗಾಲಿನಲ್ಲಿ ಕೂತು ತಿಕ್ಕುತ್ತಿರುವವಳ ಎದೆಗೆ ಅದು ತಲುಪುತ್ತದೆ. ಶ್ವಾಸನಾಳದ ಒದ್ದೆಗೆ ತಾಗಿ ಅಲ್ಲೇ ಆಸಿಡ್ ಆಗುತ್ತದೆ. ಆಕೆ ಎರಡನ್ನೂ ಬೆರೆಸಿದ್ದು ದಡ್ಡತನದಿಂದಲ್ಲ, ಕೆಲಸ ಚೊಕ್ಕವಾಗಲಿ ಎಂದು.

ನಮ್ಮ ಬಚ್ಚಲಿನ ನಾಲ್ಕು ಬಾಟಲಿಗಳನ್ನು ಸಾಲಾಗಿ ನಿಲ್ಲಿಸಿ ನೋಡಿದೆ. ಬೇರೆ ಯಾವುದರ ಜೊತೆಗೂ ಬೆರೆಸಬಾರದು ಎಂಬ ಎಚ್ಚರಿಕೆ ಇದೆ, ಇಂಗ್ಲಿಷಿನಲ್ಲಿ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಪೊಟ್ಟಣದ ಮೇಲೆ ಇರಲೇಬೇಕಾದ ವಿವರಗಳು ದೇವನಾಗರಿ ಲಿಪಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು, ಬೇರೆ ಭಾಷೆ ಬೇಕಿದ್ದರೆ ಸೇರಿಸಿಕೊಳ್ಳಬಹುದು ಎನ್ನುತ್ತವೆ ಕೇಂದ್ರದ 2011ರ ಪೊಟ್ಟಣ ಸಾಮಗ್ರಿ ನಿಯಮಗಳು. ಅಂದರೆ ಕನ್ನಡ ಐಚ್ಛಿಕ ವಿಷಯ. ಎಲ್ಲಿಂದಲೋ ಬಂದು ಇಲ್ಲಿಯ ಬಚ್ಚಲು ಸೇರುವ ಆಸಿಡ್ಡಿಗೆ ಕನ್ನಡದಲ್ಲಿ ಮಾತಾಡುವ ಹಂಗಿಲ್ಲ. ಬೀದಿಯಲ್ಲಿ ಸೈಕಲ್ ಮೇಲೆ ಬರುವ, ಹಳೆಯ ನೀರಿನ ಬಾಟಲಿಯಲ್ಲಿ ತುಂಬಿಟ್ಟ ಆಸಿಡ್, ಫಿನಾಯಿಲಿಗಂತೂ ಲೇಬಲ್ಲೇ ಇಲ್ಲ, ಯಾವ ಭಾಷೆಯ ಗೊಡವೆಯೂ ಇಲ್ಲ.

'ರಾಸಾಯನಿಕವೇ ಬೇಡ, ಬೂದಿ, ಸೀಗೆಕಾಯಿಗೆ ಮರಳೋಣ' ಎನ್ನುವವರೂ ಸಿಗುತ್ತಾರೆ. ಬೂದಿ ಕ್ಷಾರ, ಅದೂ ರಾಸಾಯನಿಕವೇ. ಅಂಟುವಾಳದ ರಸ ಹೊಳೆಗೆ ಬಿದ್ದರೆ ಮೀನು ತೇಲುತ್ತದೆ. ಅದೂ ಅಲ್ಲದೆ, ಬೂದಿ ಹಾಕಿ ಪಾತ್ರೆ ತಿಕ್ಕುವವರು ಈ ಮಾತು ಆಡುವವರಲ್ಲ, ಅವರ ಮನೆಗೆಲಸದವರು.

'ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದರೆ ಮಾತ್ರ ಓದುತ್ತಾರೆಯೇ, ಅಕ್ಷರವೇ ಬರದವರಿದ್ದಾರಲ್ಲ' ಎಂಬುದು ಇನ್ನೊಂದು ಆಕ್ಷೇಪ. ಆಕೆಗೆ ಬರದಿದ್ದರೆ ಸರ್ಕಾರಿ ಶಾಲೆಯ ಮೂರನೆಯ ತರಗತಿಯಲ್ಲಿರುವ ಮಗಳಿಗೆ ಬರುತ್ತದೆ. ಆ ಮಗು ಅಂಗಡಿ ಬೋರ್ಡು, ಬಸ್ಸಿನ ಬೋರ್ಡು ಎಲ್ಲವನ್ನೂ ಗಟ್ಟಿಯಾಗಿ ಓದುತ್ತ ಅಮ್ಮನ ಕೈಹಿಡಿದು ಬರುತ್ತದೆ. ಓದಲು ಬಾಟಲಿಯ ಮೇಲೆ ಏನಾದರೂ ಇರಬೇಕಲ್ಲ.

ಒಂದು ಕೋರಿಕೆ: ದಯವಿಟ್ಟು ಇದಕ್ಕೊಂದು ಸಮಿತಿ ಮಾಡಿ ಸರ್ಫ್ಯಾಕ್ಟಂಟಿಗೆ ಆರು ಅಕ್ಷರದ ಸಂಸ್ಕೃತ ಪದ ಟಂಕಿಸಲು ಕೂರಬೇಡಿ. ಆಸಿಡ್, ಬ್ಲೀಚಿಂಗ್, ಸೋಡಾ ಎಲ್ಲವೂ ಬೀದಿಯಲ್ಲಿ ಈಗಾಗಲೇ ಕನ್ನಡವಾಗಿವೆ. ಬೇಕಿರುವುದು ಇಷ್ಟು: 'ಇದರಲ್ಲಿ ಆಸಿಡ್ ಇದೆ. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಬೇಡಿ. ವಿಷದ ಗಾಳಿ ಏಳುತ್ತದೆ. ಕಿಟಕಿ ತೆರೆದಿಡಿ.' ಹನ್ನೊಂದೋ ಹನ್ನೆರಡೋ ಪದ. ಜಾಗ ಸಾಲದಿದ್ದರೆ ನಿಂಬೆಹಣ್ಣನ್ನು ಸ್ವಲ್ಪ ಚಿಕ್ಕದಾಗಿ ಬಿಡಿಸಲಿ.