ಕಾರ್ಖಾನೆ ನೋಡಲು ಹೋಗುವವರಿಗೆ



ಕಾರು ತಯಾರಿಸುವ ಕಾರ್ಖಾನೆಯನ್ನು ಒಮ್ಮೆ ನೋಡಿ ಬರಬೇಕೆಂದು ಆದವಾನಿ ಕಡೆಯ ನಮ್ಮ ಯುವಕರು ಹೇಳುತ್ತಿರುತ್ತಾರೆ. ಎಸ್ಟೇಟಿನಲ್ಲಿರುವ ನಿಮ್ಮ ಮಕ್ಕಳಿಗೂ ಇದೇ ಆಸೆ ಇರಬಹುದು. ಒಳ್ಳೆಯ ಆಸೆಯೇ. ಗುಂತಕಲ್ಲು, ಅನಂತಪುರ ದಾಟಿ ಬೆಂಗಳೂರು ದಾರಿ ಹಿಡಿದರೆ ಪೆನುಗೊಂಡೆಯ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ ಇದೆ. 2019ರಿಂದ ಅಲ್ಲಿ ಕಾರುಗಳು ತಯಾರಾಗುತ್ತಿವೆ.

ಕಾರು ಕಾರ್ಖಾನೆಗಳನ್ನು ತೋರಿಸುವ ಕ್ರಮ ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಗೆರೆ ಹಾಕಿದ ದಾರಿಯಲ್ಲೇ ನಡೆಯಬೇಕು, ಮಾರ್ಗದರ್ಶಿ ತೋರಿಸಿದ್ದನ್ನು ನೋಡಬೇಕು. ಪ್ರೆಸ್ ವಿಭಾಗದಲ್ಲಿ ತಗಡು ಅಚ್ಚಿಗೆ ಸಿಕ್ಕಿ ಬಾಗಿಲಿನ ಆಕಾರ ತಾಳುತ್ತದೆ. ಮುಂದೆ ರೋಬೋಟುಗಳ ಕಬ್ಬಿಣದ ತೋಳುಗಳು ಕಿಡಿ ಹಾರಿಸುತ್ತಾ ಬೆಸುಗೆ ಹಾಕುತ್ತವೆ. ಮಕ್ಕಳು ಬಾಯಿ ತೆರೆದು ನೋಡುವುದು ಇಲ್ಲಿಯೇ. ಧೂಳು ಬೀಳಬಾರದೆಂದು ಬಣ್ಣದ ವಿಭಾಗಕ್ಕೆ ಸಾಮಾನ್ಯವಾಗಿ ಹೊರಗಿನವರನ್ನು ಬಿಡುವುದಿಲ್ಲ. ಕೊನೆಗೆ ಬಿಡಿಭಾಗ ಜೋಡಿಸುವ ಲೈನು. ಲೈನು ಎಂದರೆ ನಮಗೆ ಸಾಲುಮನೆ. ಅಲ್ಲಿ ನಿಲ್ಲದೆ ಸರಿಯುವ ಕಾರುಗಳ ಸಾಲು. ಹೆಚ್ಚು ಮನುಷ್ಯರು ಕಾಣುವುದು ಅಲ್ಲಿ. ಅಲ್ಲಿ ತುಸು ಹೆಚ್ಚು ಹೊತ್ತು ನಿಂತು ನೋಡಿರಿ.

ಒಂದು ಸಣ್ಣ ಲೆಕ್ಕ ಮಾಡೋಣ. ಎರ್ರಮಂಚಿ ಕಾರ್ಖಾನೆಯನ್ನು ಕಟ್ಟಿದ್ದು ವರ್ಷಕ್ಕೆ 3 ಲಕ್ಷ ಕಾರುಗಳಿಗಾಗಿ. ವರ್ಷಕ್ಕೆ 300 ದಿನದ ಕೆಲಸ ಎಂದರೆ ದಿನಕ್ಕೆ 1,000 ಕಾರು. ಹಗಲೂ ರಾತ್ರಿಯೂ ನಡೆದರೂ ಒಂದು ಕಾರಿಗೆ ಒಂದೂವರೆ ನಿಮಿಷವೂ ಸಿಗದು. ಕಾಫಿ ಹಣ್ಣು ಕೊಯ್ಯುವ ತಾಯಿ ಬೆನ್ನು ನೆಟ್ಟಗೆ ಮಾಡಲು ಒಂದು ಗಳಿಗೆ ನಿಂತರೆ ಸಂಜೆಯ ತೂಕದಲ್ಲಿ ಕಡಿಮೆಯಾದೀತು, ಅಷ್ಟೆ. ಲೈನಿನಲ್ಲಿ ಕೈ ನಿಂತರೆ ಸಾಲೇ ನಿಲ್ಲುತ್ತದೆ.

ಈ ವೇಗದ ಭಾರ ಗೆರೆಯ ಆಚೆ ನಿಂತವರಿಗೆ ಕಾಣುವುದಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಕಾರ್ಮಿಕರು ಮುಷ್ಕರ ಹೂಡಿದರು. ಆಡಳಿತ ಲಾಕೌಟ್ ಘೋಷಿಸಿತು. ಕೆಲಸದ ಹೊರೆ ಹೆಚ್ಚಾಯಿತೆಂಬುದು ಕಾರ್ಮಿಕರ ದೂರುಗಳಲ್ಲಿ ಒಂದು. ಹೋರಾಟ ಮುಗಿದದ್ದು 2021ರ ಮಾರ್ಚಿನಲ್ಲಿ. ಸುಮಾರು ನಾಲ್ಕು ತಿಂಗಳು ಆ ಮನೆಗಳ ಒಲೆ ಹೇಗೆ ಉರಿದಿರಬೇಕೆಂದು ಕೂಲಿಯ ಮನೆಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗೆಂದು ಕಾರ್ಖಾನೆಯೇ ಬೇಡ ಎನ್ನುವುದು ನಮ್ಮ ಮಾತಲ್ಲ. ಅದೇ ಬಿಡದಿಯಲ್ಲಿ 2007ರಲ್ಲಿ ಶುರುವಾದ ಟೊಯೋಟಾ ತರಬೇತಿ ಶಾಲೆ ಎಸ್.ಎಸ್.ಎಲ್.ಸಿ. ಮುಗಿಸಿದ ಬಡ ಗ್ರಾಮೀಣ ಮಕ್ಕಳಿಗೆ ಮೂರು ವರ್ಷದ ಕಸುಬು ಕಲಿಸುತ್ತಾ ಬಂದಿದೆ. ಮಕ್ಕಳನ್ನು ಓದಿಸಿರಿ, ಕಸುಬು ಕಲಿಸಿರಿ.

ಆದರೆ ನೋಡಲು ಹೋದವರು ಬೆರಗಾಗಿ ಸುಮ್ಮನೆ ಹಿಂತಿರುಗಬಾರದು. ವಿನಯದಿಂದ ನಾಲ್ಕು ಪ್ರಶ್ನೆ ಕೇಳಬೇಕು: ಇಲ್ಲಿ ಕಾಯಂ ಆದವರು ಎಷ್ಟು, ಕಂಟ್ರಾಕ್ಟಿನವರು ಎಷ್ಟು? ಲೈನಿನ ವೇಗವನ್ನು ನಿಶ್ಚಯಿಸುವಾಗ ಕೆಲಸಗಾರರನ್ನು ಕೇಳುತ್ತಾರೆಯೇ? ಕೈಗೆ ಪೆಟ್ಟಾದರೆ ಆ ದಿನದ ಸಂಬಳ ಏನಾಗುತ್ತದೆ? ಸಂಘ ಇದೆಯೇ?

ಉತ್ತರ ಸಿಕ್ಕರೆ ಬರೆದುಕೊಂಡು ಬನ್ನಿರಿ. ಸಿಗದಿದ್ದರೆ ಅದನ್ನೂ ಬರೆದುಕೊಂಡು ಬನ್ನಿರಿ. ನಾಳೆ ಆ ಗೆರೆಯ ಆಚೆ ನಿಂತು ದುಡಿಯುವವರು ನಮ್ಮ ಮಕ್ಕಳೇ ಆಗಬಹುದು.